ಕಾಕುವಿನ ಅಳಿಯ

ಕಾಕುವಿನ ಎರಡೂ ಹೆಬ್ಬೆರಳುಗಳ ತುದಿ ಸವೆದು ಹೊಳೆಯುತ್ತಿತ್ತು. ಮಗ್ಗದ ಮೇಲೆ ಹರಿದ ಎಳೆಗಳನ್ನು ಹೊಸೆದು ಹೊಸೆದು ಹಾಗಾಗಿತ್ತು. ಇವತ್ತು ಬೆಳಿಗ್ಗೆ ಎಂದಿನಂತೆ ಹಾಲು ಕಾಯಿಸಿ, ರೊಟ್ಟಿ ಬಡಿಯಲು ಕುಳಿತಾಗ ಹಿಟ್ಟಿನ ಮೇಲೆ ನನ್ನದೇ ಹೆಬ್ಬೆರಳಿನ ಗುರುತು ಕಂಡು ಕೈ ನಿಂತಿತು. ಕಾಕು ತೀರಿಕೊಂಡು ಮೂರನೆಯ ದಿನ. ಆ ರೊಟ್ಟಿ ಅವರ ಎಡೆಗೆ.

ರೋಣದಿಂದ ಮದುವೆಯಾಗಿ ಗಜೇಂದ್ರಗಡಕ್ಕೆ ಬಂದಾಗ ನನ್ನ ಟ್ರಂಕಿನಲ್ಲಿ, ಸೀರೆಗಳ ಅಡಿಗೆ, ಒಂದು ಆಟಿಕೆ ಇತ್ತು. ಕಾನ್ವೆಂಟಿನ ಹಾಸ್ಟೆಲಿನಲ್ಲಿದ್ದಾಗ ಸೋದರಮಾವ ಮುಂಬಯಿಯಿಂದ ತಂದುಕೊಟ್ಟದ್ದು. ಅಂಗೈಯಗಲದ ಡಬ್ಬಿ, ನಡುವೆ ಬೂದು ಗಾಜು, ಎಡಕ್ಕೊಂದು ಬಲಕ್ಕೊಂದು ಗುಂಡಿ. ಗಾಜಿನೊಳಗೆ ಕಡ್ಡಿಯಂಥ ಕಪ್ಪು ಮನುಷ್ಯನೊಬ್ಬ ಚೆಂಡುಗಳನ್ನು ಮೇಲಕ್ಕೆಸೆದು ಹಿಡಿಯುತ್ತಿದ್ದ. ಗುಂಡಿ ಒತ್ತಿ ಅವನ ಕೈಗಳನ್ನು ನಾವು ಸರಿಸಬೇಕು. ತಪ್ಪಿದರೆ ಚೆಂಡು ಕೆಳಗೆ ಬಿದ್ದು ಒಡೆಯಿತು, ಆಟ ಮುಗಿಯಿತು. ಆಡದಾಗ ಅದು ಗಡಿಯಾರ.

ಚಿಕ್ಕಮ್ಮನ ಲೆಕ್ಕದಲ್ಲಿ ನಾನು ಕಾಕು ಎನ್ನುತ್ತಿದ್ದ ಪಕ್ಕದ ಮನೆಯಾಕೆ ಒಂದು ಮಧ್ಯಾಹ್ನ ಅದನ್ನು ಕಂಡುಬಿಟ್ಟರು.

"ಏನವಾ ಇದು?"

"ಗಡಿಯಾರ್ರೀ ಕಾಕು." ಮನೆಗೆ ಬಂದ ಸೊಸೆ ಆಟಿಕೆ ಇಟ್ಟುಕೊಂಡಿದ್ದೇನೆಂದು ಹೇಗೆ ಹೇಳಲಿ?

"ಗಡಿಯಾರದಾಗ ಮನಿಷಾ ಯಾಕ ಕುಣ್ಯಾಕತ್ತಾನ? ಕೊಡಿಲ್ಲೆ."

ದಿನವಿಡೀ ಮಗ್ಗದ ಲಾಳಿಯನ್ನು ಎಡಬಲಕ್ಕೆ ಓಡಿಸುವ ಕೈ. ಆದರೂ ಆಟದಲ್ಲಿ ಕಾಕು ಭಾಳ ದಡ್ಡರು. ಚೆಂಡು ಬಿದ್ದಾಗಲೆಲ್ಲ ಆ ಮನುಷ್ಯನನ್ನೇ ಬೈಯುವರು: "ಕೈ ಚಾಚೂದಷ್ಟ ಗೊತ್ತು ಇವಗ, ಕೊಟ್ಟದ್ದು ನೆಟ್ಟಗ ಹಿಡಕೊಳ್ಳೂದು ಗೊತ್ತಿಲ್ಲ. ಖರೇ ಅಳಿಯಾನ ಇಂವ!" ಅಂದಿನಿಂದ ಅವನ ಹೆಸರೇ ಅಳಿಯ. ಹೊಸ ಊರಿನಲ್ಲಿ ನಾನು ಬಾಯ್ತುಂಬ ನಕ್ಕದ್ದು ಅದೇ ಮೊದಲು.

ಕಾಕುವಿನ ಅತ್ತೆ ಮಗ್ಗ ಬಿಟ್ಟು ಏಳಗೊಡುತ್ತಿರಲಿಲ್ಲ. "ವ್ಯಾಳ್ಯಾ ಎಷ್ಟಾತು ನೋಡ್ಕೊಂಡ ಬರ್ತೀನ್ರಿ" ಎಂದು ಹೇಳಿ ನಮ್ಮ ಅಡುಗೆಮನೆಗೆ ಬರುವರು. ಒಮ್ಮೆ ಆಟಿಕೆ ಕೀಂಕೀಂ ಎಂದದ್ದು ನನ್ನ ಅತ್ತೆಯ ಕಿವಿಗೆ ಬಿತ್ತು. ಕಾಕು ಅದನ್ನು ಮಡಿಲಿಗೆ ಸೇರಿಸಿ, "ನಂದ್ರಿ, ಗಡಿಯಾರ. ಕೆಟ್ಟೇತಿ, ಅದಕ್ಕ ಒದರತೈತಿ" ಎಂದರು, ಕಣ್ಣು ಮಿಟುಕಿಸದೆ. ಮುಂದೆ ಇಬ್ಬರ ಅತ್ತೆಯರೂ ಹೋದರು, ಗುಟ್ಟು ಮಾತ್ರ ಹಾಗೇ ಉಳಿಯಿತು. "ಮಗಗ ಹೇಳಬ್ಯಾಡವಾ, ಮುದುಕಿಗೆ ಹುಚ್ಚು ಹಿಡೀತು ಅಂತಾನ" ಎನ್ನುವರು ಕಾಕು.

ಹಳೆಯದರ ಗಾಜು ಕಪ್ಪಾದ ಮೇಲೆ ನನ್ನ ಮಗಳು ಅದೇ ಆಟದ ಹೊಸ ಅವತಾರ ತಂದಳು. ಕೀಲಿಗೊಂಚಲಿಗೆ ತೂಗುಹಾಕುವಂಥದು; ಕಾಕುವಿನ ಕಣ್ಣಿಗೆ ನಿಲುಕಲಿಲ್ಲ. ಆಮೇಲೆ ಬಣ್ಣದ ಪರದೆಯದು ಬಂತು. ಅದರಲ್ಲಿ ಚೆಂಡು ಎಸೆಯುವವನಿಗೆ ಟೊಪ್ಪಿಗೆ, ಮೀಸೆ. ಕಾಕು ದಿಟ್ಟಿಸಿ ನೋಡಿದರು. "ಇಂವ ಯಾರವಾ ಮೀಸಿ ಬಿಟ್ಕೊಂಡ ಬಂದಾನ? ನನ್ನ ಅಳಿಯ ಎಲ್ಲಿ ಹ್ವಾದ?" ಸ್ವಲ್ಪ ಹೊತ್ತಿಗೆ ತಾವೇ, "ಇರ್ಲಿ ಬಿಡು, ಸಣ್ಣ ಅಳಿಯ" ಎಂದು ಗುಂಡಿ ಒತ್ತತೊಡಗಿದರು.

ಅವರು ಹಾಸಿಗೆ ಹಿಡಿದಾಗ ನಾನು ಮಗಳ ಬಾಣಂತನಕ್ಕೆಂದು ನರಗುಂದದಲ್ಲಿದ್ದೆ. ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಇವತ್ತು ಗುಡ್ಡದ ಬುಡದ ಸ್ಮಶಾನದಲ್ಲಿ ಎಡೆ ಇಟ್ಟರು. ನನ್ನ ರೊಟ್ಟಿ, ಅವರಿಗೆ ಸೇರುತ್ತಿದ್ದ ಸಿಹಿ ಮಾದಲಿ, ಬದನೆಕಾಯಿ, ಎಲೆ ಅಡಿಕೆ. ಎಡೆಯ ಮೂಲೆಗೆ ಸದ್ದಿಲ್ಲದೆ ಇಟ್ಟುಬಿಡೋಣವೆಂದು ಸಣ್ಣ ಅಳಿಯನ ಆಟಿಕೆಯನ್ನು ಚೀಲದಲ್ಲಿ ಒಯ್ದಿದ್ದೆ. ಕಾಗೆಗಳು ಜಾಲಿಗಿಡದ ಮೇಲೆ ಕುಳಿತೇ ಇದ್ದವು, ಒಂದೂ ಇಳಿಯಲಿಲ್ಲ.

"ಮನಸಿನ್ಯಾಗ ಏನೋ ಉಳದೈತಿ," ಎಂದರು ಅವರ ಮನೆತನದ ಹಿರಿಯರೊಬ್ಬರು. "ಕಡೀಕ ಏನರ ಬೇಡಿದ್ಲೇನೋ?"

ಕಾಕುವಿನ ಮಗ ತಲೆ ತಗ್ಗಿಸಿದ. "ಅಳಿಯ ಎಲ್ಲಿ, ಅಳಿಯ ಬಂದ್ನೇನ ಅಂತಿದ್ಲರಿ."

ಹಿಂದೆ ಯಾರೋ ಕಿಸಕ್ಕೆಂದರು. "ಹೆಣ್ಣ ಹಡದಾಕೀನ ಅಲ್ಲ, ಅಳಿಯ ಎಲ್ಲಿಂದ ಬರ್ತಾನೋ ಮಾರಾಯಾ?"

ಮಗನ ಕಿವಿ ಕೆಂಪಾಯಿತು. ಹೇಳಬೇಕು, ಈಗಲೇ ಹೇಳಬೇಕು ಎಂದು ಚೀಲದೊಳಗೆ ಕೈ ಹಾಕಿದೆ. ಬೆರಳು ಗುಂಡಿಗೆ ತಾಗಿ ಅದು ಕೀಂ ಎಂದಿತು. ಎಲ್ಲರೂ ನನ್ನತ್ತ ತಿರುಗಿದರು. ಮೊಮ್ಮಗನನ್ನು ಕಂಡವಳು, ಸ್ಮಶಾನಕ್ಕೆ ಆಟಿಕೆ ತಂದಿದ್ದೇನೆ.

"ಅಕ್ಕಾರ, ನಿಮ್ಮ ಫೋನ್ ಬಂತ ನೋಡ್ರಿ," ಎಂದ ಮಗ.

"ಹೂನಪಾ," ಎಂದೆ. ಇಲ್ಲದ ಫೋನಿಗೆ ಉತ್ತರ ಕೊಡಲು ದೂರ ಸರಿದು ನಿಂತೆ.

ಹಿರಿಯರು ಎಡೆಯ ಮುಂದೆ ಕೈ ಮುಗಿದರು. "ನಿನ್ನ ಅಳಿಯ ಯಾರರ ಇರ್ಲಿ, ಹುಡಿಕಿ ಮನೀಗೆ ಕರಕೊಂಡ ಬರ್ತೀವಿ. ಮುಟ್ಟವಾ." ಮಾತು ಮುಗಿಯುವಷ್ಟರಲ್ಲಿ ಒಂದು ಕಾಗೆ ಇಳಿದು ಮಾದಲಿಗೆ ಬಾಯಿ ಹಾಕಿತು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಸಂಜೆ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಆಟಿಕೆ ಇನ್ನೂ ಚೀಲದಲ್ಲೇ ಇತ್ತು. ಎದುರುಮನೆಯಾಕೆ ಕಟ್ಟೆಯ ಮೇಲೆ ಸೊಪ್ಪು ಸೋಸುತ್ತ ಕುಳಿತಿದ್ದರು.

"ಇಷ್ಟ ವರ್ಷ ಬಾಜೂಕ ಇದ್ರಿ, ಎಲ್ಲೋ ಒಬ್ಬಾಕಿ ಮಗಳದಾಳ ಅಂತ ನಿಮ್ಮ ಮುಂದೂ ಬಾಯಿ ಬಿಡಲಿಲ್ಲ ನೋಡ್ರಿ ಆಕಿ. ಭಾಳ ಗಟ್ಟಿ ಹೆಂಗಸು. ಅಂದಂಗ, ವ್ಯಾಳ್ಯಾ ಎಷ್ಟಾತ್ರಿ?"