ನನ್ನ ಹೆಂಡತಿಯನ್ನು ನಗಿಸಿದಾಕೆ

ಯಾರಾದರೂ ನಾಲ್ಕು ಜನರನ್ನು ನಗಿಸಿದರೆ ನನಗೆ ಹೊಟ್ಟೆ ಉರಿಯುತ್ತದೆ. ಇನ್ನೊಬ್ಬರ ಕಾರು, ಬಂಗಲೆ, ನಾಲೆ ಬಯಲಿನ ಗದ್ದೆ ಕಂಡು ನಾನೆಂದೂ ನಿದ್ದೆ ಕೆಡಿಸಿಕೊಂಡವನಲ್ಲ. ಆದರೆ ನಗಿಸುವುದು ಮಾತ್ರ ನನ್ನ ಸ್ವಂತ ಆಸ್ತಿ ಎಂದು ತಿಳಿದಿದ್ದೆ. ಎಪ್ಪತ್ತರ ದಶಕದಲ್ಲಿ ಮಂಡ್ಯದ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುತ್ತಿದ್ದಾಗ, ಹಳಗನ್ನಡದ ಪೀರಿಯಡ್ಡಿಗೂ ಹುಡುಗರು ತಪ್ಪದೆ ಬರುತ್ತಿದ್ದರು. ಕಾವ್ಯಕ್ಕಲ್ಲ, ನನ್ನ ಚಟಾಕಿಗಳಿಗೆ. ನಗದೆ ಉಳಿದವಳು ಒಬ್ಬಳೇ, ನನ್ನ ಹೆಂಡತಿ ಶಾರದೆ. ಊಟಕ್ಕೆ ಕೂತು ನಾನು ಎಂಥ ಚಟಾಕಿ ಹಾರಿಸಿದರೂ, ಸಾರು ಬಡಿಸಲೇ ಎಂದು ಕೇಳುವಳು. ಪಾಪ, ಹಾಸ್ಯಪ್ರಜ್ಞೆ ಇಲ್ಲ ಎಂದುಕೊಂಡು ನಾನು ನೆಮ್ಮದಿಯಾಗಿದ್ದೆ.

ಹೀಗಿರುವಾಗ ಊರಿಗೆ ಹಳೆಯ ಸಿನಿಮಾ ನಟಿಯೊಬ್ಬರು ಬಂದರು. ಒಬ್ಬರೇ ಹಾಡಿ, ಕುಣಿದು, ಮಾತಾಡುವ ಕಾರ್ಯಕ್ರಮ. ಗೋಡೆಗಳ ಮೇಲೆ 'ಕ್ಯಾಬರೆ' ಎಂದು ದಪ್ಪಕ್ಷರದಲ್ಲಿ ಅಂಟಿಸಿದ್ದರಿಂದ ಮದ್ದೂರು, ಮಳವಳ್ಳಿ ಕಡೆಯ ಗಂಡಸರೂ ಬಸ್ಸು ತುಂಬ ಬಂದಿದ್ದರು. ಮಳವಳ್ಳಿಯಿಂದ ಬಂದಿದ್ದ ನಾದಿನಿ ನಾಗರತ್ನ ಹಟ ಹಿಡಿದಳೆಂದು ನಾವೂ ಹೋದೆವು.

ಪರದೆ ಸರಿದರೆ, ಅರವತ್ತು ದಾಟಿದ ಹೆಂಗಸೊಬ್ಬರು ಜರಿ ಸೀರೆಯುಟ್ಟು ಕುರ್ಚಿಯಲ್ಲಿ ಕೂತು ಎಲೆಅಡಿಕೆ ಜಗಿಯುತ್ತಿದ್ದರು. ಹಿಂದಿನ ಸಾಲಿನಲ್ಲಿ ಯಾರೋ, "ಇದೇನ್ಲಾ, ಕ್ಯಾಬರೆ ಅಂದ್ರು, ನಮ್ಮವ್ವನ ವಾರ್ಗೆಯೋಳು ಬಂದು ಕುಂತವ್ಳೆ" ಎಂದ.

ಅದು ಆಕೆಗೂ ಕೇಳಿಸಿತು. "ಕುಣೀತೀನಿ ಕಣಪ್ಪ, ಮಂಡಿ ಒಪ್ಪಬೇಕಲ್ಲ" ಎಂದು ಎದ್ದು, ಒಂದು ಕಾಲಕ್ಕೆ ತಾವು ಹೆಸರು ಮಾಡಿದ್ದ ಕುಣಿತವನ್ನು ಅದೇ ನೋಯುವ ಮಂಡಿಯಲ್ಲಿ ಕುಣಿದರು. ಸೀಟಿ ಹಾಕಲು ಬಾಯಿಗೆ ಬೆರಳಿಟ್ಟಿದ್ದವರು ಬೆರಳು ತೆಗೆದು ಚಪ್ಪಾಳೆ ತಟ್ಟಿದರು. ಆಮೇಲೆ ಆಕೆ, ತೀರಿಹೋದ ತಮ್ಮ ಯಜಮಾನರು ಊಟದ ಹೊತ್ತಿನಲ್ಲಿ ತಮಾಷೆ ಹೇಳುತ್ತಿದ್ದ ವೈಖರಿಯನ್ನು ಮಾಡಿ ತೋರಿಸಿದರು. ಬಾಯಲ್ಲಿ ತುತ್ತು, ಹುಬ್ಬು ಹಣೆಯವರೆಗೆ, ಕಣ್ಣು ಹೆಂಡತಿಯ ಮುಖದ ಮೇಲೆ.

ನನ್ನ ಪಕ್ಕದಲ್ಲಿ ಏನೋ ಸದ್ದಾಯಿತು. ಶಾರದೆ ನಗುತ್ತಿದ್ದಳು. ಸೆರಗನ್ನು ಬಾಯಿಗೆ ತುರುಕಿಕೊಂಡು, ಕಣ್ಣೀರು ಸುರಿಸಿಕೊಂಡು, ನಾಗರತ್ನಳ ತೊಡೆ ಹೊಡೆಯುತ್ತ ನಗುತ್ತಿದ್ದಳು. ಅವಳು ಪರಪುರುಷನನ್ನು ನೋಡಿ ನಕ್ಕಿದ್ದರೂ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲವೇನೋ.

ಎರಡು ದಿನ ಮುಖ ಊದಿಸಿಕೊಂಡಿದ್ದೆ. ಆಕೆಯ ಹಾಸ್ಯಕ್ಕೆ ಪ್ರೌಢಿಮೆ ಸಾಲದೆಂದು ವಿಮರ್ಶೆ ಮಾಡಿದೆ. ಸ್ಮಿತ, ಹಸಿತ, ವಿಹಸಿತ ಎಂದು ನಮ್ಮ ಪೂರ್ವಿಕರು ನಗೆಯಲ್ಲಿ ಆರು ಬಗೆ ಹೇಳಿದ್ದಾರೆ, ನೀನು ನಕ್ಕದ್ದು ತೀರ ಕೆಳದರ್ಜೆಯದು ಎಂದು ವಿವರಿಸಹೊರಟೆ. ನಾಲ್ಕನೆಯ ಬಗೆಗೆ ಬರುವಷ್ಟರಲ್ಲಿ ಅವಳು ಅಕ್ಕಿ ಆರಿಸಲು ಎದ್ದುಹೋಗಿದ್ದಳು. ಕಡೆಗೆ ಹಿಂದೆಯೇ ಹೋಗಿ, ನನ್ನ ಮಾತಿಗೇಕೆ ನಗುವುದಿಲ್ಲ ಎಂದು ನೇರವಾಗಿ ಕೇಳಿದೆ.

"ನೀವು ಒಂದು ಮಾತು ಹೇಳಿ, ನಕ್ಕಳಾ ಇಲ್ವಾ ಅಂತ ನನ್ನ ಮುಖಾನೇ ನೋಡ್ತಾ ಕೂತ್ಕೋತೀರಿ. ಪರೀಕ್ಷೆ ಬರೆದಂಗಾಯ್ತದೆ ಕಣ್ರೀ" ಎಂದಳು.

ಅವಳ ಜೊತೆ ಅಕ್ಕಿ ಆರಿಸುತ್ತಿದ್ದ ನಾಗರತ್ನ, "ಬುಡಿ ಭಾವ, ಆಯಮ್ಮಂಗಿಂತ ಅಕ್ಕನೇ ಚೆಂದಾಗಿ ಮಾಡ್ತಾಳೆ. ಮಳವಳ್ಳಿಗೆ ಬಂದಾಗೆಲ್ಲ ನಿಮ್ದೇ ನಾಟ್ಕ" ಎಂದುಬಿಟ್ಟಳು.

ಶಾರದೆ ಒಲ್ಲೆನೆಂದಳು. ನಾನೇ ಬಲವಂತ ಮಾಡಿದೆ. ಅವಳು ಎದ್ದು ನಿಂತು, ಸೆರಗನ್ನು ಶಲ್ಯದಂತೆ ಹೆಗಲಿಗೆಸೆದು, ಇಲ್ಲದ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ನಾನು ಪ್ರತಿ ವರ್ಷ ಮೊದಲನೆಯ ತರಗತಿಯಲ್ಲಿ ಹಾರಿಸುವ ಚಟಾಕಿಯನ್ನು ನನ್ನದೇ ದನಿಯಲ್ಲಿ ಹಾರಿಸಿದಳು. ನಾಗರತ್ನ ಗೋಡೆಗೊರಗಿ ಕುಸಿದಳು. ಮೊಸರಿಗೆ ಹೆಪ್ಪು ಕೇಳಲು ಬಂದಿದ್ದ ಪಕ್ಕದ ಮನೆಯಾಕೆ ಹೊಸಿಲಿನ ಮೇಲೆಯೇ ಕೂತು ನಕ್ಕರು. ನಾನೂ ನಕ್ಕೆ, ಪಕ್ಕೆ ಹಿಡಿದುಕೊಳ್ಳುವ ಹಾಗೆ. ಅಷ್ಟು ವರ್ಷ ಹೇಳಿದರೂ ಆ ಚಟಾಕಿಗೆ ಅಂಥ ನಗು ನನಗೆ ಒಮ್ಮೆಯೂ ದಕ್ಕಿರಲಿಲ್ಲ.

ನಟಿಯ ಮೇಲಿನ ಉರಿ ಅಲ್ಲಿಗೆ ತಣ್ಣಗಾಯಿತು. ಈಗ ನನ್ನ ಹೊಟ್ಟೆಕಿಚ್ಚೆಲ್ಲ ಮಳವಳ್ಳಿಯ ನೆಂಟರ ಮೇಲೆ. ನನ್ನ ಮನೆಯಾಕೆಯ ಆಟವನ್ನು ನನಗಿಂತ ಮೊದಲು ಅವರು ಎಷ್ಟು ಸಲ ನೋಡಿದ್ದರೋ! ಮುಂದಿನ ಸಲ ಶಾರದೆ ತವರಿಗೆ ಹೊರಟಾಗ ನಾನೂ ಕಾಲೇಜಿಗೆ ರಜೆ ಹಾಕಿ ಬಸ್ಸು ಹತ್ತಿದೆ.