ಹೊಗಳಿ ಕಳೆದುಕೊಂಡ ಯುಕುಲೇಲೆ

ಶಿವಾಜಿನಗರದ ಗುಮಾಸ್ತ, ಸಂಗೀತದ ಗಂಧವಿಲ್ಲದ ಶಿವಪ್ರಕಾಶನಿಗೆ, ಗಿಟಾರಿನ ಮರಿಯಂತಿದ್ದ ಒಂದು ಹಳೆಯ ಯುಕುಲೇಲೆಯ ಮೇಲೆ ಮನಸ್ಸಾಯಿತು. ದೇಹೂ ರೋಡ್ ಎಂಬ ಊರಿನಲ್ಲಿದ್ದ, ಮಿಲಿಟರಿ ಬ್ಯಾಂಡಿನಿಂದ ನಿವೃತ್ತರಾದ ಧರ್ಮರಾಜ ಕಾಕಾ ಅದನ್ನು ಮಾರಲಿಟ್ಟಿದ್ದರು. ಎತ್ತು ಕೊಳ್ಳಲಿ, ಬದನೆಕಾಯಿ ಕೊಳ್ಳಲಿ, ಮೊದಲು ಹಳಿಯಬೇಕೆಂಬುದು ಶಿವಪ್ರಕಾಶನ ಮನೆತನದ ವಿದ್ಯೆ.

"ಪಾಲಿಶ್ ಹೋಗೇದಲ್ರಿ ಕಾಕಾ. ತಂತೀನೂ ನಾಕ ಅದಾವ, ಗಿಟಾರಿಗೆ ಆರ ಇರ್ತಾವ."

"ಹೌದಪಾ, ಇಂಥಾದ್ದು ನಿನಗ್ಯಾಕ?" ಎಂದು ಕಾಕಾ ಅದನ್ನು ಪೆಟ್ಟಿಗೆಯೊಳಗಿಟ್ಟರು.

ಶಿವಪ್ರಕಾಶ ಗಾಬರಿಯಿಂದ ಹೊಗಳತೊಡಗಿದ. ಮರ ಎಷ್ಟು ಹಗುರ, ದನಿ ಎಷ್ಟು ಇಂಪು ಎಂದ. ಕಾಕಾ ಹೊರತೆಗೆದು, ಕಣ್ಣು ಮುಚ್ಚಿ ನುಡಿಸಿದರು.

"ಖರೇ ಅದ ತಮ್ಮಾ. ಇನ್ನ ಮಾರೂದಿಲ್ಲ. ಚಾ ಕುಡೀತಿ?"

"ಕುಡೀತೀನ್ರಿ," ಎಂದ ಶಿವಪ್ರಕಾಶ. "ನುಡಿಸೂದನ್ನಾದರೂ ಕಲಸ್ತೀರೇನ್ರಿ?"

ಕಾಕಾ ಮಂಚದ ಮೇಲೆ ಸರಿದು ಜಾಗ ಮಾಡಿದರು.