ಅವರ ಪಾದಕ್ಕೆ ಇರುವೆ ಹರಿಯಲಿಲ್ಲ

ನನ್ನ ಗಂಡನ ಹೆಸರು ಜೋಗಪ್ಪ. ಲೈನ್‌ಮ್ಯಾನ್ ಆಗಿದ್ದರು. ಕೊಟ್ಟೂರಿನ ಸುತ್ತ ಮೂವತ್ತೊಂದು ವರ್ಷ ಕರೆಂಟಿನ ಕಂಬ ಹತ್ತಿದರು. ಒಮ್ಮೆಯೂ ಬೀಳಲಿಲ್ಲ. ಸಕ್ಕರೆ ಕಾಯಿಲೆ ಇತ್ತು. ಆದರೆ ಸಾವಿಗೆ ಬಾಗಿಲು ತೆಗೆದದ್ದು ಅಂಗೈಯಲ್ಲಿ ಹಿಡಿಯುವಂಥ ಒಂದು ಸಣ್ಣ ಡಬ್ಬಿ. ಆ ಡಬ್ಬಿ ನನ್ನದು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾಲ್ಕನೇ ಕ್ಲಾಸು ಓದಿದವಳು ನಾನು. ತಪ್ಪಿದ್ದರೆ ತಿದ್ದಿ ಓದಿಕೊಳ್ಳಿ.

ಮೊದಲು ಅವರ ಕೆಲಸ ಹೇಳುತ್ತೇನೆ. ನಮ್ಮ ಕೇರಿಯ ಹೊರಗೇ ಬೀದಿದೀಪ ನಿಂತುಹೋಗಿತ್ತು. ಅರ್ಜಿ ಬರೆಸಿ, ಸಾಹೇಬರ ಮುಂದೆ ಮೂರು ಸಲ ನಿಂತು, ಎರಡು ಕಂಬ ಒಳಗೆ ತಂದವರು ಅವರು. ತಂತಿ ಎಳೆದವರೂ ಅವರೇ. ಲೈನ್ ಆಫ್ ಮಾಡಿಸಿದ ಮೇಲೂ ತಂತಿಯನ್ನು ಕೈಯ ಹಿಂಭಾಗದಿಂದ ಒಮ್ಮೆ ತಟ್ಟಿ ನೋಡುತ್ತಿದ್ದರು. ಅಂಗೈಯಲ್ಲಿ ಹಿಡಿದರೆ ತಂತಿ ಬಿಡುವುದಿಲ್ಲ. ಹಿಂಗೈಯಿಂದ ತಟ್ಟಿದರೆ, ಕರೆಂಟಿದ್ದರೆ ಕೈ ತಾನೇ ಹಿಂದಕ್ಕೆ ಹಾರುತ್ತದೆ. ಹಂಗೆ ಮಾಡಬೇಡ ಎಂದು ಸಾಹೇಬರು ಬೈಯುತ್ತಿದ್ದರು.

“ಟೆಸ್ಟರ್ ಸುಳ್ಳು ಹೇಳಬಹುದ್ರೀ ಸಾಹೇಬ್ರ, ಚರ್ಮ ಸುಳ್ಳು ಹೇಳಂಗಿಲ್ಲ” ಅನ್ನುತ್ತಿದ್ದರು ಇವರು.

ಈ ಮಾತನ್ನು ನಾನೂ ನಂಬಿದ್ದೆ.

ಎರಡು ವರ್ಷದ ಹಿಂದೆ ನನಗೆ ಮೊಣಕಾಲು ನೋವು ಶುರುವಾಯಿತು. ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವ ಡಾಕ್ಟರಮ್ಮ ಪುಷ್ಪಲತಾ ಆ ಡಬ್ಬಿ ತರಿಸಲು ಹೇಳಿದರು. ನರಕ್ಕೆ ಸಣ್ಣ ಕರೆಂಟು ಕೊಟ್ಟು ನೋವು ತಗ್ಗಿಸುವ ಮಷಿನ್ ಅದು. ಡಬ್ಬಿಯಿಂದ ಎರಡು ವೈರು, ವೈರಿನ ತುದಿಗೆ ಅಂಟಿಕೊಳ್ಳುವ ಎರಡು ಅಗಲ ಪ್ಯಾಡು. ಅಂಟಿಸುವ ಮೊದಲು ಡಾಕ್ಟರಮ್ಮ ಒಂದು ಚೂರು ಹತ್ತಿ ತೆಗೆದುಕೊಂಡರು.

“ಕಣ್ಣು ಮುಚ್ಕೋರಿ ಗಾಳೆಮ್ಮ. ಮುಟ್ಟಿದಾಗ ಹೂಂ ಅನ್ರಿ.”

ಮುಟ್ಟಿದಾಗಲೆಲ್ಲ ಹೂಂ ಅಂದೆ.

“ಚಲೋ ಆತು. ಚರ್ಮಕ್ಕ ಗೊತ್ತಾಗ್ತೈತಿ ಅಂದ್ರ ಮಾತ್ರ ಇದನ್ನ ಹಚ್ಚಬೇಕು. ಸೊನ್ನಿಯಿಂದ ಶುರು ಮಾಡಿ ಸಾವಕಾಶ ಏರಿಸ್ರಿ. ಇರುವಿ ಹರದಂಗ ಆದ್ರ ಅಲ್ಲಿಗೇ ನಿಲ್ಲಿಸ್ರಿ. ಚೇಳು ಕಡದಂಗ ಆಗಬಾರ್ದು. ಇಪ್ಪತ್ತು ನಿಮಿಷ ಸಾಕು. ಎದಿಗೆ ಬ್ಯಾಡ, ಕುತ್ತಿಗಿಗೆ ಬ್ಯಾಡ, ಗಾಯದ ಮ್ಯಾಲೆ ಬ್ಯಾಡ. ಹಚ್ಕೊಂಡು ನಿದ್ದಿ ಮಾಡಬ್ಯಾಡ್ರಿ. ಪ್ಯಾಡಿನ ಅಂಟು ಹೋತು ಅಂದ್ರ ಬ್ಯಾರೆ ತರಿಸ್ರಿ. ಇದು ನಿಮಗಷ್ಟ. ಮನಿ ಮಂದಿಗೆಲ್ಲ ಅಲ್ಲ.”

ಇವರು ಬಾಗಿಲಿಗೆ ಒರಗಿ ನಗುತ್ತಿದ್ದರು. ಡಾಕ್ಟರಮ್ಮ ಹತ್ತಿ ಹಿಡಿದೇ ಕೇಳಿದರು: “ನಿಮಗ ಸಕ್ಕರಿ ಐತಲ್ಲ, ಬರ್ರಿ, ಪಾದ ನೋಡೋಣು.”

“ನನಗ್ಯಾಕ್ರೀ? ಕರೆಂಟಿನ ಜೋಡಿ ಮೂವತ್ತು ವರ್ಷ ಸಂಸಾರ ಮಾಡೀನಿ. ಈಕಿ ಜೋಡಿಗಿಂತ ಅದರ ಜೋಡೀನ ಹೆಚ್ಚು.”

ಎಲ್ಲರೂ ನಕ್ಕೆವು. ಹತ್ತಿ ಕಸದ ಡಬ್ಬಿಗೆ ಹೋಯಿತು.

ಹೋದ ವರ್ಷ ಅವರ ಪಾದ ಉರಿಯತೊಡಗಿತು. ಕೆಂಡದ ಮೇಲೆ ನಿಂತಂತೆ ಆಗುತ್ತದೆ ಅನ್ನುತ್ತಿದ್ದರು. ಆದರೆ ಬೇರೆ ಗುರುತುಗಳೂ ಇದ್ದವು. ಒಂದು ದಿನ ಒಂದೇ ಚಪ್ಪಲಿಯಲ್ಲಿ ಮನೆಗೆ ಬಂದರು. ಇನ್ನೊಂದು ಎಲ್ಲಿ ಬಿತ್ತೋ ಅವರಿಗೆ ತಿಳಿದಿರಲಿಲ್ಲ. ಇನ್ನೊಂದು ದಿನ ಹಿಮ್ಮಡಿಯಿಂದ ಬೆರಳುದ್ದದ ಜಾಲಿ ಮುಳ್ಳು ಕಿತ್ತೆ. ಅದು ಇದ್ದದ್ದೇ ಅವರಿಗೆ ಗೊತ್ತಿರಲಿಲ್ಲ. ಚಪ್ಪಲಿ ಹಾಕುವಾಗ ಬಗ್ಗಿ ಕಣ್ಣಿನಿಂದ ನೋಡಿ ಹಾಕುತ್ತಿದ್ದರು. ಕಾಲಿಗೆ ಅಷ್ಟೂ ತಿಳಿಯುತ್ತಿರಲಿಲ್ಲ. ಇದೆಲ್ಲ ನಾನು ಕಂಡೆ. ಕಂಡು ಸುಮ್ಮನಿದ್ದೆ.

ಮಧ್ಯಾಹ್ನ ಊಟಕ್ಕೆ ಬಂದಾಗ ನನ್ನ ಡಬ್ಬಿ ತೆಗೆದು ಪಾದಕ್ಕೆ ಹಚ್ಚಿಕೊಳ್ಳತೊಡಗಿದರು.

“ಅದು ನಿಮಗಲ್ಲಂತ, ಡಾಕ್ಟ್ರಮ್ಮ ಹೇಳ್ಯಾರ” ಅಂದೆ. “ಚರ್ಮಕ್ಕ ಗೊತ್ತಾಗಬೇಕಂತ.”

“ಉರಿತೈತಿ ಅಂದ್ರ ಜೀವ ಐತಿ ಅಂತ ಅಲ್ಲೇನ? ಸುಮ್ಮಕಿರು. ಲೈನ್‌ಮ್ಯಾನ್‌ಗೆ ಕರೆಂಟ್ ಕಲಿಸಾಕ ಬಂದ್ಲು.”

ಡಬ್ಬಿಯ ನಂಬರು ಹತ್ತಕ್ಕೆ ಇಟ್ಟರು. ಇಪ್ಪತ್ತಕ್ಕೆ ಏರಿಸಿದರು.

“ಇರುವಿ ಹರೀತೈತೇನ್ರಿ?”

“ಎಲ್ಲೈತಿ? ಇದರಾಗ ಕರೆಂಟ್ ಬರ್ತೈತೋ ಇಲ್ಲೋ.”

ಪ್ಯಾಡು ಕಿತ್ತು ಹಿಂಗೈಗೆ ಮುಟ್ಟಿಸಿದರು. ಕೈ ಹಿಂದಕ್ಕೆ ಹಾರಿತು. “ಐತಿ, ಐತಿ!” ಎಂದು ನಕ್ಕರು. ಮತ್ತೆ ಅದನ್ನೇ ಪಾದಕ್ಕೆ ಅಂಟಿಸಿದರು. ಕೈ ಹಾರಿತು, ಕಾಲು ಅಲುಗಲಿಲ್ಲ. ಅಷ್ಟು ಹೊತ್ತಿಗೆ ನಮಗೆ ತಿಳಿಯಬೇಕಿತ್ತು.

ಪಾದದ ಬೆವರಿಗೂ ಧೂಳಿಗೂ ಪ್ಯಾಡಿನ ಅಂಟು ಹೋಯಿತು. ನಾನು ಬೇರೆ ತರಿಸೋಣ ಅಂದೆ. ಅವರು ತಮ್ಮ ಚೀಲದಿಂದ ಕಟಿಂಗ್ ಪ್ಲೇಯರ್ ತೆಗೆದರು. ಪ್ಯಾಡು ಕತ್ತರಿಸಿ ಒಗೆದರು. ವೈರಿನ ತುದಿ ಸುಲಿದರು. ಒಳಗಿನ ತಾಮ್ರದ ಎಳೆ ಹೊಸೆದು, ಒಂದು ತುದಿ ಹೆಬ್ಬೆರಳ ಬುಡಕ್ಕೆ, ಇನ್ನೊಂದು ಹಿಮ್ಮಡಿಗೆ ಇಟ್ಟು, ಮೇಲೆ ಕರಿ ಟೇಪು ಸುತ್ತಿದರು. ಮೂವತ್ತೊಂದು ವರ್ಷ ಮಾಡಿದ ಕೈ. ಬಹಳ ಚೊಕ್ಕಾಗಿ ಸುತ್ತಿದರು.

“ಪ್ಯಾಡ್ ಯಾಕ ಬೇಕು? ಕರೆಂಟಿಗೆ ದಾರಿ ಆದ್ರ ಸಾಕು” ಅಂದರು. ಕಡೆಯ ನಂಬರಿಗೆ ಏರಿಸಿ, ಗೋಡೆಗೆ ಒರಗಿ ನಿದ್ದೆ ಹೋದರು. ನಾನು ಪಾತ್ರೆ ತಿಕ್ಕುತ್ತಿದ್ದೆ. ಒಂದು ತಾಸು ಹಾಗೇ ಬಿಟ್ಟೆ. ಅವರಿಗೆ ನಿದ್ದೆ ಕಡಿಮೆಯಾಗಿತ್ತು, ಮಲಗಲಿ ಅಂದುಕೊಂಡೆ.

ಹೀಗೆ ಆರೇಳು ದಿನ ನಡೆಯಿತು.

ಒಂದು ದಿನ ಪಾದದಲ್ಲಿ ಎರಡು ಕರಿ ಚುಕ್ಕೆ ಕಂಡೆ. ತೊಗರಿ ಕಾಳಿನಷ್ಟು. ಹೊಸ ರಸ್ತೆಯ ಡಾಂಬರು ಅಂದರು. ನಾನು ಕಲ್ಲಿನಿಂದ ತಿಕ್ಕಿದೆ. ಜೋರಾಗಿಯೇ ತಿಕ್ಕಿದೆ. ಅವರು ಫೋನಿನಲ್ಲಿ ಮಾತಾಡುತ್ತಲೇ ಇದ್ದರು.

ಮುಂದಿನ ವಾರ ಮನೆಯಲ್ಲಿ ವಾಸನೆ ಶುರುವಾಯಿತು.

“ಇಲಿ ಸತ್ತೈತಿ ಕಾಣ್ತೈತಿ” ಅಂದರು. ಎರಡು ದಿನ ಹುಡುಕಿದೆವು. ಮಂಚ ಸರಿಸಿದೆವು. ಜೋಳದ ಚೀಲ ಹೊರಗಿಟ್ಟೆವು. ಟ್ರಂಕನ್ನು ಅವರೇ ಎತ್ತಿದರು. ಇಲಿ ಸಿಗಲಿಲ್ಲ. ಅವರು ಯಾವ ಕಡೆ ಹೋದರೆ ವಾಸನೆ ಆ ಕಡೆ ಹೋಗುತ್ತಿತ್ತು. ಎರಡನೇ ದಿನ ಅವರು ಟ್ರಂಕಿನ ಮೇಲೆ ಕುಳಿತಾಗ ನಾನು ನೆಲ ಒರೆಸುತ್ತಿದ್ದೆ. ಅವರ ಪಾದ ನನ್ನ ಮುಖದ ಹತ್ತಿರ ಇತ್ತು. ಆಗ ತಿಳಿಯಿತು.

ದಾವಣಗೆರೆಗೆ ಒಯ್ದೆವು. ಮೊದಲು ಬೆರಳು ತೆಗೆದರು. ಆಮೇಲೆ ಪಾದ. ಆಮೇಲೆ ಮೊಣಕಾಲಿನ ಕೆಳಗೆ. ಮೊದಲ ದಿನ ಗಾಯ ಕೆರೆಯುವಾಗ ಡಾಕ್ಟರು ಮರಗಟ್ಟಿಸುವ ಸೂಜಿ ಹಾಕಲು ಹೋದರು. ಇವರು ಅಂದರು: “ಬ್ಯಾಡ್ರೀ ಸಾಹೇಬ್ರ. ಲೈನ್ ಆಫ್ ಐತಿ, ಕೊಯ್ರಿ.” ಡಾಕ್ಟರು ನಗಲಿಲ್ಲ. ಕೀವು ರಕ್ತಕ್ಕೆ ಇಳಿದಿತ್ತು. ನಲವತ್ತು ದಿನ ಇದ್ದರು. ಕಡೆಯ ವಾರ ನನ್ನ ಕೈಯನ್ನು ತಮ್ಮ ಹಿಂಗೈಯಿಂದ ತಟ್ಟಿ ತಟ್ಟಿ ನೋಡುತ್ತಿದ್ದರು.

ಆಮೇಲೆ ಪುಷ್ಪಲತಾ ಡಾಕ್ಟರಮ್ಮನಿಗೆ ಎಲ್ಲ ಹೇಳಿದೆ. “ಪ್ಯಾಡ್ ಅಗಲ ಇರೋದು ಕರೆಂಟ್ ಹರಡ್ಲಿ ಅಂತ ಗಾಳೆಮ್ಮ. ತಂತಿ ತುದಿಗೆ ಬಂದ್ರ ಒಂದ ಕಡೆ ಸುಡ್ತೈತಿ. ಬ್ಯಾರೆಯವ್ರಾಗಿದ್ರ ಒದರಿ ಕಿತ್ತು ಒಗೀತಿದ್ರು” ಅಂದರು.

ಡಬ್ಬಿ ಈಗಲೂ ಮನೆಯಲ್ಲಿದೆ. ಬೇರೆ ವೈರು, ಬೇರೆ ಪ್ಯಾಡು ತರಿಸಿದ್ದೇನೆ. ನನ್ನ ಮೊಣಕಾಲಿಗೆ ಇಪ್ಪತ್ತು ನಿಮಿಷ ಹಚ್ಚುತ್ತೇನೆ, ಇರುವೆ ಹರಿದ ಕೂಡಲೇ ನಿಲ್ಲಿಸುತ್ತೇನೆ. ನೋವು ತಗ್ಗುತ್ತದೆ. ಅದು ತಗ್ಗಿದಾಗ ನನಗೆ ಸಿಟ್ಟು ಬರುತ್ತದೆ.

ಮೊನ್ನೆ ಸೋಮವಾರ ಬೆಳಗ್ಗೆ ಇಟ್ಟಿಗಿ ಊರಿನಿಂದ ನನ್ನ ಮೈದುನ ಮೈಲಾರಲಿಂಗಪ್ಪ ಬಂದ. ಟ್ರ್ಯಾಕ್ಟರ್ ಹೊಡೆಯುತ್ತಾನೆ. ಅಣ್ಣನಂತೆ ಅವನಿಗೂ ಸಕ್ಕರೆ. ಅಣ್ಣನಂತೆ ಬಾಯಿಯೂ ಜೋರು.

“ಅತ್ತಿಗಿ, ಆ ಕರೆಂಟ್ ಡಬ್ಬಿ ಎರಡು ದಿನ ಕೊಡು. ಕಾಲು ಉರಿತಾವು. ನಾ ಅಣ್ಣನಂಗ ವೈರ್ ಸುಲಿಯಂಗಿಲ್ಲ, ಪ್ಯಾಡೇ ಹಚ್ಕೊಂತೀನಿ.”

ನಾನು ಡಬ್ಬಿ ತರಲಿಲ್ಲ. ಹತ್ತಿ ತಂದೆ.

“ಕಾಲು ಚಾಚು. ಕಣ್ಣು ಮುಚ್ಚು. ಮುಟ್ಟಿದಾಗ ಹೂಂ ಅನ್ನು.”

“ಏನತ್ತಿಗಿ, ಈ ವಯಸ್ಸಿನಾಗ ಕಣ್ಣಾಮುಚ್ಚಾಲಿನಾ?” ಅಂದ. ಆದರೂ ಮುಚ್ಚಿದ.

ಮೀನಖಂಡಕ್ಕೆ ಮುಟ್ಟಿಸಿದೆ. “ಹೂಂ.”

ಪಾದದ ಮೇಲಿನ ಹರಡಿನ ಹತ್ತಿರ ಮುಟ್ಟಿಸಿದೆ. ಸ್ವಲ್ಪ ತಡೆದು “ಹೂಂ” ಅಂದ.

ಪಾದಕ್ಕೆ ಮುಟ್ಟಿಸಿದೆ. ಹೆಬ್ಬೆರಳಿಗೆ ಮುಟ್ಟಿಸಿದೆ. ಅಂಗಾಲಿನ ಉದ್ದಕ್ಕೂ ಎಳೆದೆ. ಹಿಮ್ಮಡಿಯ ಬಿರುಕಿಗೆ ಹತ್ತಿ ಸಿಕ್ಕಿಕೊಂಡಿತು. ನಾನು ಕೈ ಬಿಟ್ಟೆ. ಹತ್ತಿ ಅಲ್ಲೇ ಇತ್ತು.

“ಮುಟ್ಟಿಸ್ತೀಯೋ ಇಲ್ಲೋ, ಅತ್ತಿಗಿ?” ಅಂದ. ಕಣ್ಣು ಮುಚ್ಚಿಯೇ ಇದ್ದ. ನಗುತ್ತಿದ್ದ.

“ಕಣ್ಣು ತೆಗೆದು ನೋಡೋ” ಅಂದೆ.

ನೋಡಿದ. ನಗು ನಿಂತಿತು.

“ಡಬ್ಬಿ ಕೊಡಂಗಿಲ್ಲ. ನಡಿ, ಆಸ್ಪತ್ರಿಗೆ ಹೋಗೋಣು. ಪುಷ್ಪಲತಾ ಡಾಕ್ಟ್ರಮ್ಮ ಮಧ್ಯಾಹ್ನದ ತನಕ ಇರ್ತಾರ.”

ಅವನು ಎದ್ದ. ಹೊಸ್ತಿಲಾಚೆ ಚಪ್ಪಲಿಗೆ ಕಾಲು ಹಾಕಿದ. ಕಾಲು ಒಳಗೆ ಹೋಯಿತೋ ಇಲ್ಲವೋ ಎಂದು ಬಗ್ಗಿ ಕಣ್ಣಿನಿಂದ ನೋಡಿದ.